ಗಾಳಿಯಲ್ಲಿ ಅಳೆದ ಚಕ್ರ

ಗುಳ್ಳೆ ಏಳಲಿಲ್ಲ. ಸಾಬೂನು ನೀರು ಪೈಪಿನ ಜೋಡಣೆಯ ಸುತ್ತ ಒಂದು ಕ್ಷಣ ಹೊಳೆದು, ಆಮೇಲೆ ತನಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ಜಾರಿ, ಕಾರಿನಡಿ ಅಂಗಾತ ಮಲಗಿದ್ದ ಅವನ ಕತ್ತಿನ ಕುಳಿಗೆ ತೊಟ್ಟಿಕ್ಕಿತು. ಹಿಂದುಗಡೆ, ಸೈಲೆನ್ಸರಿನ ಬಾಯಿಗೆ ಹಳೆಯ ಟವಲು ಸುತ್ತಿ ತುರುಕಿದ್ದ ವ್ಯಾಕ್ಯೂಮ್ ಕ್ಲೀನರು, ಧೂಳು ಎಳೆಯುವ ಬದಲು ಗಾಳಿ ಊದುತ್ತ, ಒಂದೇ ಸಮನೆ ಅರಚುತ್ತಿತ್ತು. ಹೊಗೆ ಹೋಗುವ ದಾರಿಯಲ್ಲಿ ಎಲ್ಲಾದರೂ ಸಂದಿದ್ದರೆ ಅಲ್ಲಿ ಗಾಳಿ ನುಸುಳಬೇಕು, ನುಸುಳಿದ ಕಡೆ ಸಾಬೂನು ಗುಳ್ಳೆ ಕಟ್ಟಬೇಕು; ಪರೀಕ್ಷೆ ಎಂದರೆ ಇಷ್ಟೇ. ನಿನ್ನೆ ಸಂಜೆ ಜೋಡಣೆಯ ಸಂದಿ ಮುಚ್ಚಲು ಹಾಕಿದ ಹೊಸ ಗ್ಯಾಸ್ಕೆಟ್ ಎರಡು ತುಟಿಗಳ ನಡುವೆ ಕಚ್ಚಿ ಹಿಡಿದ ಎಲೆಯ ಹಾಗೆ ನೆಟ್ಟಗೆ ಕೂತಿತ್ತು. ಅದರ ಹಿಂದಿನದೂ ಹೀಗೆಯೇ ಕೂತಿತ್ತು. ಬಿಚ್ಚಿ ನೋಡಿದಾಗ ಮಾತ್ರ ಅದರ ಒಂದು ಮಗ್ಗುಲು ಮಸಿ ಹಿಡಿದು, ಅಂಚು ಸುಟ್ಟು, ಯಾರೋ ಬೇಕೆಂದೇ ಉಗುರು ಹಾಕಿ ಎಬ್ಬಿಸಿದಂತಿತ್ತು. ನಿಂತಾಗ ಸರಿ, ಓಡಿದಾಗ ಸೋರಿಕೆ. ನಿಂತಾಗ ಇಲ್ಲದ್ದನ್ನು ನಿಂತು ಹುಡುಕುವುದು ಹೇಗೆ? ನಾಳೆ ಬೆಳಿಗ್ಗೆ ಅವನ ಹೆಂಡತಿ ಹೆಲ್ಮೆಟ್ ಹಾಕಿಕೊಂಡು ಇದೇ ಕಾರಿನೊಳಗೆ ಕೂತು ರೇಸ್ ಟ್ರ್ಯಾಕಿಗೆ ಇಳಿಯುತ್ತಾಳೆ. ಜೋಡಣೆ ಸೋರಿದರೆ ಹೊಗೆ ಹೊರಗೆ ಹೋಗುವುದಿಲ್ಲ. ಅದರ ನೇರ ಮೇಲೆ ಗೇರಿನ ಕಡ್ಡಿ, ಕಡ್ಡಿಯ ಬುಡಕ್ಕೆ ಸೀಳಿದ ರಬ್ಬರು, ಸೀಳಿನಾಚೆ ಅವಳ ಮಂಡಿ, ಅವಳ ಮಡಿಲು, ಅವಳ ಮೂಗು.

ಶೆಡ್ಡಿನ ಬಾಗಿಲಲ್ಲಿ ಎರಡು ಪಾದಗಳು ಬಂದು ನಿಂತವು. ಕಾರಿನಡಿಯಿಂದ ನೋಡುವವನಿಗೆ ಮನುಷ್ಯರೆಲ್ಲ ಪಾದಗಳೇ. ಇವು ಅತ್ತೆಯವು, ಹೆಂಡತಿಯ ತಾಯಿಯವು. ಎಡಗಾಲಿನ ಹೆಬ್ಬೆರಳು ಸಿಟ್ಟು ಬಂದಾಗ ಚಪ್ಪಲಿ ಬಿಟ್ಟು ಮೇಲೇಳುತ್ತಿತ್ತು. ಈಗ ಎದ್ದಿತ್ತು. "ಅಳಿಯಂದಿರೇ, ಅದು ಮನೆ ಗುಡಿಸೋ ಮೆಷಿನ್ನು. ನಿಮ್ಮ ಕಪ್ಪೆಗೆ ಊದೋ ಕೊಳಲಲ್ಲ." ಕಪ್ಪೆ ಎಂಬ ಹೆಸರನ್ನು ಇಟ್ಟವಳೂ ಅವಳೇ. ಹಸಿರು ಬಣ್ಣದ, ನೆಲಕ್ಕೆ ಹೊಟ್ಟೆ ಹಚ್ಚಿದಂತಿದ್ದ, ಇಬ್ಬರಿಗಷ್ಟೇ ಜಾಗವಿದ್ದ ಆ ಹಳೆಯ ಸ್ಪೋರ್ಟ್ಸ್ ಕಾರು ಮನೆಗೆ ಬಂದ ದಿನ ಅವಳು ಅದರ ಸುತ್ತ ಒಂದು ಸುತ್ತು ಬಂದು, ಇದ್ಯಾಕೆ ಹೀಗೆ ಹಾರೋಕೆ ಕೂತಿದೆ, ಎಂದಿದ್ದಳು. ಹೆಸರು ಅಂಟಿಕೊಂಡುಬಿಟ್ಟಿತು. ಅವನಿಗೆ ಮೊದಮೊದಲು ಅವಮಾನವಾಗಿ, ಆಮೇಲೆ ತಾನೂ ಹಾಗೇ ಕರೆಯತೊಡಗಿದ್ದ. ಈಗ ಉತ್ತರ ಕೊಡಲು ಬಾಯಿ ತೆರೆದರೆ ಸಾಬೂನು ನೀರು ಬೀಳುತ್ತದೆಂದು ಸುಮ್ಮನೆ ಕೈಯಾಡಿಸಿದ. ಪಾದಗಳು ಸ್ವಲ್ಪ ಹೊತ್ತು ನಿಂತು, ಹೆಬ್ಬೆರಳು ಇಳಿದು, ಹಿಂದಿರುಗಿದವು.

ಅವನು ಕಿವಿಯಿಂದ ಬದುಕಿದವನು. ಚಿಕ್ಕಂದಿನಲ್ಲಿ ಅಪ್ಪ ದಿನಾ ಬೆಳಿಗ್ಗೆ, ಮೈಮೇಲಿನ ನೀರು ಆರುವ ಮೊದಲೇ, ಗೋಡೆಗೆ ಬೆನ್ನು ಕೊಟ್ಟು ಕೂತು ಕಾವ್ಯ ಓದುತ್ತಿದ್ದರು. ಪುಸ್ತಕ ತೊಡೆಯ ಮೇಲೆ ತೆರೆದಿರುತ್ತಿತ್ತು, ಆದರೆ ಕಣ್ಣು ಅದರ ಮೇಲಿರುತ್ತಿರಲಿಲ್ಲ. ಎದುರಿಗೆ ಇವನು ಕೂರಬೇಕು, ಅರ್ಥ ಆಗಲಿ ಬಿಡಲಿ. ಎಷ್ಟು ಉದ್ದದ ಸಾಲಾದರೂ ಅಪ್ಪ ಎಲ್ಲಿ ಉಸಿರು ತೆಗೆದುಕೊಂಡರೆಂದು ತಿಳಿಯುತ್ತಿರಲಿಲ್ಲ. ಸಾಲು ಮುಗಿದ ಕಡೆಯೇ ಉಸಿರೂ ಮುಗಿಯುತ್ತಿತ್ತು, ದೇವರು ಎರಡನ್ನೂ ಒಂದೇ ಅಳತೆಗೆ ಕತ್ತರಿಸಿದ ಹಾಗೆ. ವಯಸ್ಸಾಗಿ ಮುಂದಿನ ಹಲ್ಲು ಬಿದ್ದ ಮೇಲೆ ಸಕಾರಗಳೆಲ್ಲ ಸೋರತೊಡಗಿದವು. ಸಾಲಿನ ನಡುವೆ ಸುಯ್ ಎಂದು ಗಾಳಿ ತಪ್ಪಿಸಿಕೊಳ್ಳುತ್ತಿತ್ತು. ಅಪ್ಪನಿಗೆ ಅದು ಕೇಳಿಸುತ್ತಿತ್ತೋ ಇಲ್ಲವೋ, ಇವನಿಗೆ ಕೇಳಿಸಿ ಮೈಯೆಲ್ಲ ಮುದುಡುತ್ತಿತ್ತು. ಎಂಜಿನ್ ಎಂದರೂ ಅವನಿಗೆ ಅದೇ. ಒಂದು ಉಸಿರು ಒಳಗೆ, ಒಂದು ಉಸಿರು ಹೊರಗೆ, ನಡುವೆ ಎಲ್ಲೂ ಸೋರಬಾರದು. ಬೇರೆಯವರ ಕಾರು ರಸ್ತೆಯ ತಿರುವಿನಲ್ಲಿ ಬರುವಾಗಲೇ ಅದರ ಹಲ್ಲು ಎಲ್ಲಿ ಬಿದ್ದಿದೆ ಎಂದು ಹೇಳಬಲ್ಲವನು, ತನ್ನದೇ ಕಾರಿನಡಿ ಬೆಳಗಿನಿಂದ ಬಿದ್ದುಕೊಂಡು ಏನೂ ಕೇಳಿಸದೆ ಹಲ್ಲು ಕಡಿಯುತ್ತಿದ್ದ. ಅಪ್ಪ ಕೆಲವೊಮ್ಮೆ ಓದುವುದನ್ನು ತಟ್ಟನೆ ನಿಲ್ಲಿಸಿ, ಕಿವಿ ಇಲ್ಲಿದೆ, ನೀನಿಲ್ಲ, ಎನ್ನುತ್ತಿದ್ದರು. ಹೇಗೆ ಗೊತ್ತಾಗುತ್ತಿತ್ತೋ.

ಎದ್ದು ಕೂತು ಕತ್ತು ಒರೆಸಿಕೊಂಡ. ಮೆಷಿನ್ ಆರಿಸಿದ ಮೇಲಿನ ಮೌನ ಇನ್ನೂ ಹಿಂಸೆಯೆನಿಸಿ ಮತ್ತೆ ಹಚ್ಚಿ, ಮತ್ತೆ ಆರಿಸಿದ. ಕಾರು ನಾಲ್ಕು ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ನಿಂತು, ಹೊಸ ಅಗಲ ಚಕ್ರಗಳನ್ನು ಕೆಳಗೆ ಜೋಲಿಬಿಟ್ಟಿತ್ತು. ಚಂದದ ಚಕ್ರಗಳು. ಕಪ್ಪು ಅಲಾಯ್, ತೆಳ್ಳನೆಯ ಕಡ್ಡಿಗಳು, ಅಂಗೈ ಇಟ್ಟರೆ ಎರಡು ಅಂಗೈ ಹಿಡಿಸುವ ಟೈರು. ಮೂಲೆಯಲ್ಲಿ ಗೋಣಿಚೀಲದಡಿ ಹಳೆಯ ಕಿರಿದಾದ ಚಕ್ರಗಳು ಒಂದರ ಮೇಲೊಂದು ಕೂತಿದ್ದವು, ಬೆಳ್ಳಗೆ, ಸಣ್ಣಗೆ, ಬಡವರ ಮನೆಯ ತಟ್ಟೆಗಳ ಹಾಗೆ. ಅವುಗಳನ್ನು ನೋಡಿದಾಗಲೆಲ್ಲ ಅವನಿಗೆ ಗೇಟಿನ ನೆನಪು.

ಟ್ರ್ಯಾಕಿಗೆ ಮೊದಲ ಸಲ ಹೋದಾಗ ಗೇಟಿನಲ್ಲೇ ತಡೆದಿದ್ದರು. ಅಲ್ಲೊಬ್ಬ ಸದ್ದು ಅಳೆಯುವವನು. ಕೋಲಿನ ತುದಿಗೆ ಕಟ್ಟಿದ ಮೀಟರನ್ನು ಸೈಲೆನ್ಸರಿನ ಪಕ್ಕಕ್ಕೆ ಹಿಡಿದು, ಆಕ್ಸಿಲರೇಟರ್ ಒತ್ತಿ ಎಂದು ಸನ್ನೆ ಮಾಡಿ, ಮುಳ್ಳು ನೋಡಿ, ಮಾತಾಡದೆ ತಲೆಯಲ್ಲಾಡಿಸಿದ. ಅವನೇನೂ ಒರಟನಲ್ಲ. ಅದೇ ಸಹಿಸಲಾಗದ್ದು. ತೂಕ-ಅಳತೆಯ ಇನ್ಸ್‌ಪೆಕ್ಟರಾಗಿ ಇವನೇ ಎಷ್ಟು ಅಂಗಡಿಗಳ ಮುಂದೆ ಹಾಗೆ ನಿಂತು, ಹಾಗೆಯೇ ಸೌಮ್ಯವಾಗಿ ತಲೆಯಲ್ಲಾಡಿಸಿಲ್ಲ! ತಕ್ಕಡಿಯ ಆಚೆ ಬದಿಯಲ್ಲಿ ನಿಂತವನ ಬೆವರು ಎಂಥದೆಂದು ಅವನಿಗೆ ಅವತ್ತೇ ತಿಳಿದದ್ದು. ಹಿಂದೆ ಸಾಲಾಗಿ ನಿಂತಿದ್ದ ಕಾರುಗಳೆಲ್ಲ ಒಂದೊಂದಾಗಿ ಹಿಂದಕ್ಕೆ ಸರಿದು ದಾರಿ ಬಿಡಬೇಕಾಯಿತು. ಸ್ಟಿಯರಿಂಗ್ ಹಿಡಿದಿದ್ದ ಹೆಂಡತಿ ಹೆಲ್ಮೆಟ್ಟನ್ನೂ ತೆಗೆಯದೆ, ಕತ್ತು ತಿರುಗಿಸಿ, ಕಪ್ಪೆಯನ್ನು ಆ ಸಾಲಿನ ನಡುವೆ ನೂಲು ಪೋಣಿಸಿದಂತೆ ಹಿಂದಕ್ಕೆ ತೆಗೆದಿದ್ದಳು. ಮನೆಗೆ ಬರುವಾಗ ದಾರಿಯುದ್ದಕ್ಕೂ ನಕ್ಕಿದ್ದಳು. ಗಂಟಲು ಜೋರು ನಮ್ಮ ಕಪ್ಪೇದು, ಎಂದಿದ್ದಳು. ಅವನಿಗೆ ನಗು ಬಂದಿರಲಿಲ್ಲ. ಮುಂದಿನ ವಾರವೇ ವೆಲ್ಡರನ ಹತ್ತಿರ ಹೋಗಿ, ಹಳೆಯದಕ್ಕಿಂತ ದಪ್ಪ ಹೊಟ್ಟೆಯ ದೊಡ್ಡ ಸೈಲೆನ್ಸರ್ ಡಬ್ಬಿ ಮಾಡಿಸಿ ಕೂರಿಸಿದ. ಸದ್ದು ಇಳಿಯಿತು. ಅಷ್ಟಕ್ಕೇ ಬಿಡಬಹುದಿತ್ತು. ಆದರೆ ಸದ್ದು ಇಳಿದ ಕಾರು ತಲೆ ತಗ್ಗಿಸಿದವರಂತೆ ಕಂಡಿತು. ಮತ್ತೆ ಆ ಗೇಟಿನೊಳಗೆ ಹೋಗುವಾಗ ನೋಡಿದವರು ನೋಡುತ್ತಲೇ ಇರಬೇಕು ಎನಿಸಿತು. ಹಾಗೆ ಬಂದವು ಈ ಚಕ್ರಗಳು.

ಚಕ್ರದಂಗಡಿಯವನು ಕೇಳಿದ್ದ, ಹಿಂದೆ ಒಳಗಡೆ ಜಾಗ ಇದೆಯಾ ಸಾರ್, ಡಬ್ಬಿ ಬದಲಾಯಿಸಿದ್ದೀರಿ ಅಂತೀರಿ. ಇದೆ, ನಾನೇ ಅಳೆದಿದ್ದೇನೆ, ಎಂದಿದ್ದ. ಅಳೆದದ್ದು ನಿಜ. ಇದೇ ಶೆಡ್ಡಿನಲ್ಲಿ, ಇದೇ ಸ್ಟ್ಯಾಂಡುಗಳ ಮೇಲೆ ಕಾರು ನಿಲ್ಲಿಸಿ, ಇಲಾಖೆಯ ಉಕ್ಕಿನ ಪಟ್ಟಿ ಹಿಡಿದು ಅಳೆದಿದ್ದ. ಎರಡು ಬೆರಳಿನ ಜಾಗ ಉಳಿಯುತ್ತಿತ್ತು. ಅಳತೆ ಅವನ ಅನ್ನ. ಅದರಲ್ಲಿ ಅವನನ್ನು ಯಾರು ಪ್ರಶ್ನಿಸಬೇಕು? ಹೆಂಡತಿ ಮಾತ್ರ ಆ ಚಕ್ರ ಹಾಕಿದ ಮೊದಲ ದಿನ ಊರಾಚೆ ಒಂದು ಸುತ್ತು ಹೋಗಿ ಬಂದು, ಕೀಲಿ ಕೈಗಿಡುತ್ತ, "ಹಳೇ ಚಕ್ರಾನೇ ಚೆನ್ನಾಗಿತ್ತು ಕಣ್ರೀ. ಅದು ಜಾರೋಕೆ ಮುಂಚೆ ಹೇಳ್ತಿತ್ತು. ಇದು ಗಟ್ಟಿಯಾಗಿ ಹಿಡ್ಕೊಂಡು, ಹಿಡ್ಕೊಂಡು, ಏನೂ ಹೇಳದೇ ಬಿಟ್ಟುಬಿಡುತ್ತೆ" ಎಂದಿದ್ದಳು. ಅವನಿಗೆ ಅದು ಚಕ್ರದ ಮಾತಾಗಿ ಕೇಳಿಸಲಿಲ್ಲ. ನೀನು ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವವಳು, ದಿನವೆಲ್ಲ ಕಲಿಯುವವರ ಪಕ್ಕ ಕೂತು ಎರಡನೇ ಬ್ರೇಕಿನ ಮೇಲೆ ಕಾಲಿಟ್ಟುಕೊಂಡಿರುವವಳು, ನಿನಗೆ ಅಂಜಿಕೆಯೇ ಅಭ್ಯಾಸ ಎಂದು ಏನೋ ಹೇಳಿದ. ಅವಳು ಸುಮ್ಮನಾದಳು. ಅವಳ ಸುಮ್ಮನಾಗುವಿಕೆಗೆ ಒಂದು ರೀತಿಯಿತ್ತು. ಗೇರು ತಪ್ಪಿಸಿದ ಹೊಸಬನ ಪಕ್ಕದಲ್ಲಿ ಕೂತು ಅವನೇ ತಿದ್ದಿಕೊಳ್ಳಲಿ ಎಂದು ಕಾಯುವ ಹಾಗೆ.

ಎರಡನೇ ಸಲ ಗೇಟು ದಾಟಿತು. ಮೀಟರಿನವನು ತಲೆಯಾಡಿಸಿದ, ಈ ಸಲ ಮೇಲೆ ಕೆಳಗೆ. ಇವನು ಬೇಲಿಯ ಪಕ್ಕ ನಿಂತು, ತಿರುವಿನಲ್ಲಿ ಕಪ್ಪೆ ನೆಲಕ್ಕೆ ಕಚ್ಚಿಕೊಂಡು ಹೋಗುವುದನ್ನು ನೋಡಿ, ಪಕ್ಕದವರು ಚಕ್ರ ನೋಡಿದರೋ ಇಲ್ಲವೋ ಎಂದು ಓರೆಗಣ್ಣಿನಿಂದ ನೋಡಿದ. ಧೂಳೆಂದು ಅವಳು ಗಾಜು ಪೂರ್ತಿ ಏರಿಸಿದ್ದಳು. ನಡುಹಗಲಿಗೆ ಟ್ರ್ಯಾಕ್ ಬಿಟ್ಟು ಬಂದವಳು ಇಳಿದು, ಹೆಲ್ಮೆಟ್ ಕಳಚಿ ಬಾನೆಟ್ಟಿನ ಮೇಲಿಟ್ಟು, ಬೇಲಿಯ ಹತ್ತಿರ ಹೋಗಿ ವಾಂತಿ ಮಾಡಿಕೊಂಡಳು. ಮುಖದ ಬಣ್ಣ ಹಾರಿ ತೊಳೆದ ನೆಲದಂತಾಗಿತ್ತು. ನೀರಿನ ಬಾಟಲಿ ತರಲು ಅವನು ಕಾರಿನೊಳಗೆ ತಲೆ ಹಾಕಿದ. ಆಗ ಬಂತು. ಗೇರಿನ ಕಡ್ಡಿಯ ಬುಡದಿಂದ, ಬೆಚ್ಚಗೆ, ಸುಟ್ಟದ್ದೂ ಅಲ್ಲದ ಸಿಹಿಯೂ ಅಲ್ಲದ ಆ ವಾಸನೆ. ಎಂಜಿನ್ನಿನ ಹೊಗೆ ಎಂದು ಗುರುತಿಸಲು ಅವನಿಗೆ ಎರಡನೇ ಸಲ ಮೂಸಬೇಕಾಗಿರಲಿಲ್ಲ. ತಲೆ ಹೊರಗೆಳೆದ. ಬೇಲಿಯ ಬಳಿಯಿಂದ ಅವಳು, ಒಳಗೆ ಏನೋ ವಾಸನೆ ಬರ್ತಿತ್ತು ಕಣ್ರೀ, ಎಂದಳು. ಸುತ್ತ ನಾಲ್ಕು ಜನ ನಿಂತಿದ್ದರು. ಆಗತಾನೇ ಒಬ್ಬ, ಚಕ್ರ ಎಲ್ಲಿಂದ ತರಿಸಿದ್ರಿ, ಎಂದು ಕೇಳಿದ್ದ. "ಯಾವ ವಾಸನೆ?" ಎಂದ ಇವನು. "ಬಿಸಿಲು ಅಷ್ಟೇ. ನಿಂಗೆ ಅಭ್ಯಾಸ ಇಲ್ಲ." ಆ ನಾಲ್ವರಲ್ಲಿ ಯಾರೋ ಮೆಲ್ಲಗೆ ನಕ್ಕರು. ಮಧ್ಯಾಹ್ನ ಅವಳು ಮತ್ತೆ ಟ್ರ್ಯಾಕಿಗೆ ಇಳಿದಳು, ಅವನು ತಡೆಯಲಿಲ್ಲ. ಹೊರಡುವ ಮುನ್ನ ಕಿಟಕಿಗೆ ಬಗ್ಗಿ, ಗಾಜು ಇಳಿಸಿಕೋ, ಗಾಳಿ ಬರಲಿ, ಎಂದು ಹೇಳಿದ. ಎಷ್ಟು ಮೃದುವಾಗಿ ಹೇಳಿದ್ದ! ಅವಳು ಆ ಮಾತಿಗೆ ಕಣ್ಣಲ್ಲೇ ಉಪಕಾರ ಸ್ಮರಿಸಿದ್ದಳು. ಈಗಲೂ ಮಲಗಿದಾಗ ಅವನಿಗೆ ವಾಂತಿಯಲ್ಲ ನೆನಪಾಗುವುದು, ಆ ಕಣ್ಣು.

ಮನೆಯ ಗೇಟಿನ ಸದ್ದಾಯಿತು. ಹೆಂಡತಿ ಬೆಳಗಿನ ಪಾಠ ಮುಗಿಸಿ ಬಂದಿದ್ದಳು. ಊಟ ಮಾಡಿ ಮತ್ತೆ ಹೋಗಬೇಕು. ಶೆಡ್ಡಿನ ಬಾಗಿಲಿಗೊರಗಿ ನಿಂತು, ಇವತ್ತೊಬ್ಬ ವಕೀಲರು, ತಿರುಗುವಾಗೆಲ್ಲ ಕಣ್ಣು ಮುಚ್ಚಿಕೊಳ್ಳುತ್ತಾರೆ, ಎಂದು ಹೇಳಿ ನಕ್ಕಳು. ಅವನು ನಗಲಿಲ್ಲ. ಅವಳು ಅವನ ಕೈ ನೋಡಿದಳು. ಬೋಲ್ಟು ಜಾರಿ ಗೆಣ್ಣು ತರಚಿ ರಕ್ತ ಒಣಗಿತ್ತು. ಆಗಲ್ಲ ಅಂದ್ರೆ ನಾಳೆ ಬೇಡ ಬಿಡಿ, ಎಂದಳು. ಯಾರು ಆಗಲ್ಲ ಅಂದದ್ದು, ಎಂದು ಅವನು ಸಿಡುಕಿದ. ಎಲ್ಲ ಸರಿಯಿದೆ, ಸುಮ್ಮನೆ ಒಂದು ಸಲ ನೋಡ್ತಿದ್ದೀನಿ, ಎಂದ. ಎಲ್ಲ ಸರಿಯಿದ್ದವನ ತಲೆಗೂದಲಲ್ಲಿ ಸಾಬೂನು ನೊರೆ ಏಕೆ ಎಂದು ಅವಳು ಕೇಳಲಿಲ್ಲ. ಊಟಕ್ಕೆ ಬನ್ನಿ, ಎಂದು ಒಳಗೆ ಹೋದಳು.

ಊಟಕ್ಕೆ ಕೂತವನು ಅರ್ಧದಲ್ಲಿ ಎದ್ದು ವೆಲ್ಡರನಿಗೆ ಫೋನು ಮಾಡಿದ. ಅವನು ಆಚೆ ಕಡೆ ಏನನ್ನೋ ಉಜ್ಜುತ್ತಲೇ ಮಾತಾಡಿದ. ನನ್ನ ಬೆಸುಗೆ ಬಿಡುವುದಿಲ್ಲ, ನಿಮ್ಮ ಜೋಡಣೆಯಲ್ಲಿ ತಪ್ಪಿದ್ದರೆ ನನಗೆ ಗೊತ್ತಿಲ್ಲ, ಗ್ಯಾಸ್ಕೆಟ್ ಏನು ಪಾಪ ಮಾಡಿದೆ, ಅದನ್ನು ಯಾರೋ ಕೀಳುತ್ತಿದ್ದಾರೆ ಅಷ್ಟೇ, ಎಂದ. ಯಾರು ಕೀಳ್ತಾರೆ, ದೆವ್ವವಾ, ಎಂದು ಇವನು ಕೂಗಿದ. ಇರಬಹುದು ಸಾರ್, ಕಾರು ನಿಮ್ಮದಲ್ವಾ, ಎಂದು ವೆಲ್ಡರ್ ನಕ್ಕು ಫೋನಿಟ್ಟ. ಇವನು ಮತ್ತೆ ತಟ್ಟೆಯ ಮುಂದೆ ಬಂದು ಕೂತಾಗ ಅತ್ತೆ ಮತ್ತು ಹೆಂಡತಿ ಮಾತು ನಿಲ್ಲಿಸಿದರು. ಆ ನಿಲ್ಲಿಸಿದ ಮಾತು ತನ್ನ ಬಗ್ಗೆಯೇ ಎಂದು ಅವನಿಗೆ ಗೊತ್ತಾಯಿತು. ತಟ್ಟೆ ಸರಿಸಿ ಎದ್ದ.

ಹೆಂಡತಿ ಹೊರಟಳು. ಅವನು ಶೆಡ್ಡಿಗೆ ಬಂದು, ಕೂರಲು ಏನಾದರೂ ಬೇಕೆಂದು ಕಬ್ಬಿಣದ ತೂಕದ ಕಲ್ಲುಗಳನ್ನು ಎಳೆದುಕೊಂಡ. ಇಲಾಖೆಯಲ್ಲಿ ತಿರಸ್ಕಾರವಾದ ಕಲ್ಲುಗಳು ಅವು. ಅಂಚು ಸವೆದು, ಅಡಿಯ ಸೀಸ ಕಿತ್ತು, ಯಾವ ಅಂಗಡಿಗೂ ಲಾಯಕ್ಕಲ್ಲದವು. ಚಕ್ರಕ್ಕೆ ಒತ್ತು ಕೊಡಲು ಆಗುತ್ತವೆಂದು ಹೇಳಿ ಕೇಳಿ ತಂದುಕೊಂಡಿದ್ದ. ಒಂದರ ಮೇಲೆ ಕೂತು, ಇನ್ನೊಂದರ ಹಿಡಿಯನ್ನು ಸುಮ್ಮನೆ ಎತ್ತುತ್ತ ಇಳಿಸುತ್ತ, ಎದುರಿಗೆ ಜೋತುಬಿದ್ದ ಚಕ್ರವನ್ನು ನೋಡುತ್ತ ಎಷ್ಟು ಹೊತ್ತು ಕೂತನೋ. ಕಳೆದ ತಿಂಗಳು ಒಬ್ಬ ಧಾನ್ಯದ ವ್ಯಾಪಾರಿ ಎದುರು ವಾದಿಸಿದ್ದ. ನೋಡಿ ಸಾರ್, ಮುಳ್ಳು ಸೊನ್ನೆಯ ಮೇಲೇ ನಿಂತಿದೆ, ಕೂದಲೆಳೆಯಷ್ಟು ಆಚೀಚೆ ಇಲ್ಲ, ಎಂದು. ಇವನು ಎಂದಿನಂತೆ ನಕ್ಕು, ಎಂದಿನ ಮಾತನ್ನೇ ಹೇಳಿದ್ದ: "ಖಾಲಿ ಇದ್ದಾಗ ಎಲ್ಲಾ ತಕ್ಕಡೀನೂ ಸೊನ್ನೇನೇ ತೋರಿಸುತ್ತೆ ಸ್ವಾಮಿ. ಭಾರ ಇಡಿ, ನೋಡೋಣ." ವರ್ಷಗಟ್ಟಲೆ ಹೇಳಿ ಹೇಳಿ ಬಾಯಿಪಾಠವಾದ ಮಾತು. ಕಲ್ಲಿನ ಹಿಡಿ ಹಿಡಿದಿದ್ದ ಕೈ ಅಲ್ಲೇ ನಿಂತಿತು. ಕಾರು ಗಾಳಿಯಲ್ಲಿತ್ತು. ಚಕ್ರದ ಮೇಲೆ ಕಾರಿನ ಭಾರವಿರಲಿಲ್ಲ. ಅವನು ಉಕ್ಕಿನ ಪಟ್ಟಿ ಹಿಡಿದು ಅಳೆದ ದಿನವೂ ಇರಲಿಲ್ಲ. ಎರಡು ಬೆರಳು ಜಾಗ ತೋರಿಸಿದ್ದು ಖಾಲಿ ತಕ್ಕಡಿ.

ಅವನಿಗೆ ಸಂತೋಷವಾಗಲಿಲ್ಲ. ಜಾಕ್ ಕೊಟ್ಟು ಸ್ಟ್ಯಾಂಡು ತೆಗೆದು, ಚಕ್ರಗಳ ಕೆಳಗೆ ದಪ್ಪ ಹಲಗೆಗಳನ್ನು ಜೋಡಿಸಿ ಕಾರನ್ನು ಅವುಗಳ ಮೇಲೆ ಇಳಿಸಿದ. ಪಕ್ಕದಲ್ಲಿ ಮಲಗಿ ಕೆನ್ನೆ ನೆಲಕ್ಕೆ ಹಚ್ಚಿ ಟಾರ್ಚ್ ಬಿಟ್ಟ. ಎರಡು ಬೆರಳಿದ್ದ ಜಾಗದಲ್ಲಿ ಈಗ ಒಂದು ಕಾಗದ ಹೋಗುವಷ್ಟಿತ್ತು. ಹಿಂದಿನ ಡಿಕ್ಕಿಯಲ್ಲಿ, ಒಂದು ಪಕ್ಕಕ್ಕೆ, ತೂಕದ ಕಲ್ಲುಗಳನ್ನೆಲ್ಲ ಪೇರಿಸಿದ. ಚಕ್ರ ಇನ್ನಷ್ಟು ಮೇಲೇರಿತು. ಸಾಲದು, ವೇಗದಲ್ಲಿ ತಿರುಗುವಾಗ ಬೀಳುವ ಭಾರ ಇದಕ್ಕಿಂತ ಹೆಚ್ಚು. ತಾನೇ ಕೂತರೆ ಕೆಳಗೆ ನೋಡುವವರಿಲ್ಲ. ಕೊನೆಗೆ ಅಂಗಳಕ್ಕೆ ಹೋಗಿ, ಬಟ್ಟೆ ಮಡಿಸುತ್ತಿದ್ದ ಅತ್ತೆಯನ್ನು, ಸ್ವಲ್ಪ ಬರ್ತೀರಾ, ಎಂದು ಕರೆದ. ಏನು ಮಾಡಬೇಕೆಂದು ಹೇಳುವಾಗ ಅವನ ಕಿವಿ ಬಿಸಿಯಾಯಿತು. ಅತ್ತೆ ಒಂದು ಗಳಿಗೆ ಅವನ ಮುಖವನ್ನೇ ನೋಡಿ, ಸೆರಗು ಸಿಕ್ಕಿಸಿ, ಕಲ್ಲುಗಳ ಪಕ್ಕ ಡಿಕ್ಕಿಯ ಅಂಚಿನಲ್ಲಿ ಗತ್ತಿನಿಂದ ಕೂತಳು. ಕಪ್ಪೆ ನರಳಿ ತಗ್ಗಿತು. "ಹೂಂ, ತೂಗಿ," ಎಂದಳು. "ಸರಿಯಾಗಿದ್ರೆ ನಂಗೂ ಒಂದು ಮುದ್ರೆ ಒತ್ತಿಬಿಡಿ, ಇನ್ನು ಯಾರೂ ಆಡ್ಕೊಳ್ಳಬಾರದು."

ಮೆಷಿನ್ ಹಚ್ಚಿ, ಸಾಬೂನು ನೀರು ಹಿಡಿದು, ಅವನು ಮತ್ತೆ ಕೆನ್ನೆಯನ್ನು ನೆಲಕ್ಕೆ ಕೊಟ್ಟ. ಟೈರಿನ ಒಳಭುಜ ಸೈಲೆನ್ಸರಿನ ದಪ್ಪ ಹೊಟ್ಟೆಗೆ ಒತ್ತಿ ನಿಂತಿತ್ತು. ಒತ್ತಿದ ಜಾಗ ಉಜ್ಜಿ ಉಜ್ಜಿ ಕನ್ನಡಿಯಾಗಿತ್ತು. ಮಣ್ಣು ಮುಚ್ಚಿದ್ದರಿಂದ ಬೆಳಗಿನಿಂದ ಕಂಡಿರಲಿಲ್ಲ, ಅಥವಾ ನೋಡಿರಲಿಲ್ಲ. ಡಬ್ಬಿಯನ್ನು ಚಕ್ರ ಪಕ್ಕಕ್ಕೆ ತಳ್ಳಿದರೆ ಡಬ್ಬಿ ಪೈಪನ್ನು ತಿರುಚುತ್ತದೆ, ಪೈಪು ಮುಂದಿನ ಜೋಡಣೆಯನ್ನು ಸೀಳುತ್ತದೆ. ಅವನು ತೋಳು ಚಾಚಿ ಜೋಡಣೆಗೆ ಸಾಬೂನು ನೀರು ಹಾಕಿದ. ಒಂದು ಗುಳ್ಳೆ ಎದ್ದಿತು, ಅಕ್ಕಿಯಷ್ಟು. ಅದರ ಪಕ್ಕ ಇನ್ನೊಂದು. ಆಮೇಲೆ ಸಾಲು ಸಾಲಾಗಿ, ಒಂದನ್ನೊಂದು ನೂಕುತ್ತ, ಉಬ್ಬುತ್ತ, ಒಡೆಯುತ್ತ, ಬಣ್ಣ ಬಣ್ಣದ ಗುಳ್ಳೆಗಳು, ಹಬ್ಬಿದಂತೆಲ್ಲ ಹಗುರವಾಗಿ, ಎಷ್ಟು ಹೊತ್ತಿನಿಂದಲೋ ಹೇಳಬೇಕೆಂದು ಕಾಯುತ್ತಿದ್ದವರ ಬಾಯಿಂದ ಬಂದಂತೆ ಬಂದವು. ಅತ್ತೆ ಮೇಲಿನಿಂದ, ಏನಾದರೂ ಸಿಕ್ತಾ, ಎಂದಳು. ಏನಿಲ್ಲ, ಇಳೀರಿ, ಎಂದ.

ಆಮೇಲಿನದೆಲ್ಲ ಕೈಗಳು ತಾವೇ ಮಾಡಿದ ಕೆಲಸ. ಅಗಲ ಚಕ್ರ ಬಿಚ್ಚಿ ಗೋಡೆಗೊರಗಿಸಿದ. ಗೋಣಿಚೀಲ ಸರಿಸಿ ಕಿರಿದಾದ ಚಕ್ರಗಳನ್ನು ತಂದು ಕೂರಿಸಿದ. ಹೊಸ ಗ್ಯಾಸ್ಕೆಟ್, ಗೇರಿನ ಬುಡಕ್ಕೆ ಹೊಸ ರಬ್ಬರು. ಮತ್ತೆ ಕಲ್ಲು, ಮತ್ತೆ ಗೊಣಗುತ್ತ ಬಂದ ಅತ್ತೆ, ಮತ್ತೆ ಸಾಬೂನು. ಒಂದು ಗುಳ್ಳೆಯೂ ಇಲ್ಲ. ಡಬ್ಬಿಗೂ ಟೈರಿಗೂ ನಡುವೆ ಭಾರವಿದ್ದಾಗಲೂ ಒಂದು ಬೆರಳು ಜಾಗ. ಮುಗಿಯಿತು. ಇಷ್ಟೇ. ಅವಳು ಕೇಳಿದ್ದ ಚಕ್ರ, ಅವಳು ಕೇಳಿದ ಹಾಗೆ. ಕೈ ತೊಳೆಯುವಾಗ ಅವನಿಗೆ ಒಂದು ಯೋಚನೆ ಬಂತು, ಬಂದ ಮೇಲೆ ಹೋಗಲಿಲ್ಲ. ಏನನ್ನೂ ಹೇಳಬೇಕಾಗಿಲ್ಲ. ಅವಳಿಗೆ ಕಿರಿದಾದ ಚಕ್ರ ಬೇಕಿತ್ತು, ತಾನು ಹಾಕಿದ. ನೋಡಿದವರು ಹೆಂಡತಿಯ ಮಾತಿಗೆ ಬೆಲೆ ಕೊಟ್ಟವನು ಎನ್ನುತ್ತಾರೆ. ಇನ್ನು ಹೊಗೆ ಬರುವುದಿಲ್ಲ. ಬಾರದ ಹೊಗೆಗೆ ಕಾರಣ ಯಾರು ಕೇಳುತ್ತಾರೆ? ಬೊಗಸೆಯ ನೀರು ಸೋರಿ ಹೋಗುತ್ತಿತ್ತು, ಅವನು ಮತ್ತೆ ಹಿಡಿಯುತ್ತಿದ್ದ.

ಸಂಜೆ ಬಂದ ಹೆಂಡತಿ ಶೆಡ್ಡಿನ ಮುಂದೆ ನಿಂತುಬಿಟ್ಟಳು. ಚಕ್ರದಿಂದ ಚಕ್ರಕ್ಕೆ ಕಣ್ಣು ಹಾಯಿಸಿ, ಕೊನೆಗೆ ಅವನ ಮೇಲೆ ತಂದು ನಿಲ್ಲಿಸಿದಳು. ಆ ಕಣ್ಣು ಮತ್ತೆ ಅದೇ ಕಣ್ಣು, ಕಿಟಕಿಯೊಳಗಿಂದ ಉಪಕಾರ ಸ್ಮರಿಸಿದ್ದು. ಯಾಕೆ ಬದಲಾಯಿಸಿದ್ರಿ, ಎಂದಳು. ನೀನು ಹೇಳಿದ್ದೆಯಲ್ಲ, ಎಂದ. ಸುಳ್ಳಲ್ಲ. ಅದೇ ಸಂಕಟ, ಒಂದಕ್ಷರವೂ ಸುಳ್ಳಲ್ಲ. ಅತ್ತೆ ಹಿಂದಿನಿಂದ, ನೋಡೇ, ಹೇಳಿದ್ದು ಕೇಳೋ ಗಂಡಸರೂ ಇದ್ದಾರೆ, ನಿಮ್ಮಪ್ಪನಿಗೆ ಇದನ್ನೆಲ್ಲ ತೋರಿಸಬೇಕಿತ್ತು, ಎಂದಳು. ಹೆಂಡತಿ ಅವನ ತರಚಿದ ಗೆಣ್ಣನ್ನು ಒಂದು ಬೆರಳಿಂದ ಮುಟ್ಟಿ, ಕೀಲಿ ತೆಗೆದುಕೊಂಡಳು.

ಕಪ್ಪೆ ರಸ್ತೆಗಿಳಿಯಿತು. ಅವನು ಗೇಟಿನ ಕಂಬ ಹಿಡಿದು ಕೇಳಿಸಿಕೊಂಡ. ಕೊನೆಯ ತಿರುವಿನವರೆಗೂ ಸದ್ದು ಇಡಿಯಾಗಿತ್ತು. ಎಲ್ಲೂ ಹಲ್ಲು ಬಿದ್ದಿರಲಿಲ್ಲ, ಸಾಲು ಮುಗಿದಲ್ಲೇ ಉಸಿರು ಮುಗಿಯುತ್ತಿತ್ತು. ಇಷ್ಟು ಚೆನ್ನಾಗಿ ಕೇಳಿಸುತ್ತಿದ್ದುದೇ ಅವನನ್ನು ಹಿಂಸಿಸಿತು. ಸುಮಾರು ಹೊತ್ತಾದ ಮೇಲೆ ಅವಳು ಹಿಂದಿರುಗಿ, ಎಂಜಿನ್ ಆರಿಸದೆ, ಗಾಜಿಳಿಸಿದಳು. ಕೆನ್ನೆ ಕೆಂಪಾಗಿತ್ತು. ಎಷ್ಟು ಚೆನ್ನಾಗಿ ಮಾತಾಡುತ್ತೆ ಇದು, ಎಂದಳು. ಆಮೇಲೆ, ಗೇರಿನ ಕಡೆ ನೋಡುತ್ತ, ತನಗೇ ಎಂಬಂತೆ:

"ಆ ವಾಸನೇನೂ ಇಲ್ಲ."

"ಯಾವ ವಾಸನೆ?"

ಮಾತು ಬಾಯಿಂದ ಬಿದ್ದ ಮೇಲೆ ಅವನಿಗೆ ಕೇಳಿಸಿತು. ಅದೇ ಎರಡು ಪದ, ಅದೇ ಸ್ವರ, ಕಂಠಪಾಠ ಮಾಡಿದ ಸಾಲಿನಂತೆ ತಡವರಿಸದೆ ಬಂದಿತ್ತು. ಇಲ್ಲಿ ಬೇಲಿಯಿರಲಿಲ್ಲ, ಚಕ್ರ ಎಲ್ಲಿಂದ ತರಿಸಿದಿರಿ ಎಂದು ಕೇಳುವ ನಾಲ್ಕು ಜನರಿರಲಿಲ್ಲ; ಯಾರ ಎದುರಿಗೂ ಮಾನ ಉಳಿಸಿಕೊಳ್ಳಬೇಕಾಗಿರಲಿಲ್ಲ. ಆದರೂ ಬಂದಿತ್ತು. ಹೆಂಡತಿಯ ಮುಖದಲ್ಲಿ ಏನೂ ಬದಲಾಗಲಿಲ್ಲ. ಅವಳು ಸುಮ್ಮನಾದಳು, ಅಷ್ಟೇ, ಅವಳ ರೀತಿಯಲ್ಲಿ. ಕಾಯುತ್ತಿದ್ದಾಳೆ ಎಂದು ಅವನಿಗೆ ಮೊದಲ ಸಲ ತಿಳಿಯಿತು; ಇಷ್ಟು ವರ್ಷವೂ ಅದನ್ನು ಒಪ್ಪಿಗೆ ಎಂದುಕೊಂಡಿದ್ದ. ಗೋಡೆಯ ಹತ್ತಿರ ಹೋದ. ಒರಗಿಸಿದ್ದ ಅಗಲ ಚಕ್ರಗಳಲ್ಲಿ ಒಂದನ್ನು ಎಳೆದು, ಅಂಗಳದುದ್ದಕ್ಕೂ ಉರುಳಿಸಿಕೊಂಡು ಬಂದು, ಅವಳ ಕಿಟಕಿಯ ಕೆಳಗೆ ನಿಲ್ಲಿಸಿ, ಒಳಮೈ ಅವಳ ಕಡೆ ತಿರುಗಿಸಿದ. ಟೈರಿನ ಭುಜದ ಸುತ್ತ ಪಟ್ಟಿ ಕಟ್ಟಿದ ಹಾಗೆ ರಬ್ಬರು ಸವೆದು, ಸುಟ್ಟು, ಮಿರುಗುತ್ತಿತ್ತು. ಅವಳು ಕಿಟಕಿಯಿಂದ ಕೈ ಚಾಚಿ ಹೆಬ್ಬೆರಳಿನಿಂದ ಆ ಪಟ್ಟಿಯನ್ನು ಸವರಿದಳು. ಕೈ ಒಳಗೆ ತೆಗೆದುಕೊಂಡು ಬೆರಳು ಮೂಸಿ ನೋಡಿದಳು. ಹಿಂದಿನ ಡಬ್ಬಿಯ ಕಡೆ ಒಮ್ಮೆ ಕತ್ತು ತಿರುಗಿಸಿದಳು. ಬಿಡಿಸಿ ಹೇಳಬೇಕಾದದ್ದೇನೂ ಉಳಿಯಲಿಲ್ಲ.

"ಯಾವಾಗ ಗೊತ್ತಾಯ್ತು?"

"ಚಕ್ರದ್ದು ಇವತ್ತು."

ಎಂಜಿನ್ ಒಂದೇ ಸಮನೆ ಉಸಿರಾಡುತ್ತಿತ್ತು. ಅತ್ತೆ ಬಾಗಿಲಲ್ಲಿ ನಿಂತಿದ್ದವಳು, ಏನನ್ನು ಕಂಡಳೋ, ಒಳಗೆ ಹೋದಳು. ಅವನು ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ಬಿಟ್ಟರೆ ಬೀಳುತ್ತಿದ್ದುದು ಚಕ್ರವೋ ತಾನೋ.

"ವಾಸನೆ ಅವತ್ತೇ," ಎಂದ.

ಅವಳು ಮುಂದಿನ ಗಾಜಿನಾಚೆ ನೋಡುತ್ತ ಕೂತಳು. ಬಯ್ಯಬಹುದು, ಇಳಿದು ಒಳಗೆ ಹೋಗಬಹುದು, ನಾಳೆ ಬೇಡ ಎನ್ನಬಹುದು. ಯಾವುದಾದರೂ ಆಗಲಿ, ಬೇಗ ಆಗಲಿ ಎಂದು ಅವನು ಕಾದ. ಕಾಯುವುದು ಇಷ್ಟು ಭಾರವೆಂದು ಗೊತ್ತಿರಲಿಲ್ಲ. ಕೊನೆಗೆ ಅವಳು ಪಕ್ಕಕ್ಕೆ ಬಾಗಿ ಆಚೆ ಬದಿಯ ಬಾಗಿಲನ್ನು ಒಳಗಿನಿಂದ ತಳ್ಳಿ ತೆರೆದಳು. ಅವನು ಚಕ್ರವನ್ನು ನೆಲಕ್ಕೆ ಮಲಗಿಸಿ, ಸುತ್ತಿ ಬಂದು ಕೂತ. ಬೇರೆಯವರು ಓಡಿಸುವಾಗ ಪಕ್ಕದಲ್ಲಿ ಕೂರುವುದು ಅವನಿಗೆ ಆಗದ ಕೆಲಸ. ಟ್ರ್ಯಾಕಿನಲ್ಲೂ ಬೇಲಿಯಾಚೆಯೇ ನಿಂತವನು. ಅವಳು ತನ್ನ ಕಡೆಯ ಗಾಜನ್ನು ತಿರುಗಿಸಿ ಪೂರ್ತಿ ಏರಿಸಿದಳು. ಅವನು ತನ್ನ ಕಡೆಯದನ್ನು ಏರಿಸಿದ. ಹೊರಗಿನ ಸದ್ದೆಲ್ಲ ತಗ್ಗಿ, ಗೇರಿನ ಕಡ್ಡಿಯ ನಡುಕ, ಹೊಸ ರಬ್ಬರಿನ ವಾಸನೆ, ಅವಳ ಅಂಗಿಗೆ ಅಂಟಿದ್ದ ದಿನದ ಧೂಳು ಇಷ್ಟೇ ಉಳಿದವು. ಕಾರು ರಸ್ತೆಗಿಳಿದು ವೇಗ ಹಿಡಿಯಿತು. ಮೊದಲ ತಿರುವಿನಲ್ಲಿ ಅವನ ಬಲಗಾಲು ತಾನಾಗಿ ಇಲ್ಲದ ಬ್ರೇಕನ್ನು ಒತ್ತಿತು. ಅವಳು ಅದನ್ನು ನೋಡಿದಳು. ದಿನವೆಲ್ಲ ಇಂಥ ಕಾಲುಗಳನ್ನು ನೋಡುವವಳು. ಟೈರುಗಳು ಜಾರುವ ಮೊದಲು ಸಣ್ಣಗೆ ಹೇಳಿದವು, ಅವಳು ಕೇಳಿಸಿಕೊಂಡು ಕೈ ಸಡಿಲಿಸಿದಳು, ಕಪ್ಪೆ ಮತ್ತೆ ನೆಟ್ಟಗಾಯಿತು. ತಾನು ಮೂಗು ಬಿಗಿಹಿಡಿದು, ಮನೆ ಬಿಟ್ಟಾಗಿನಿಂದ ಒಳಗೆಳೆದ ಗಾಳಿಯನ್ನು ಹೊರಬಿಡದೆ ಕೂತಿದ್ದೇನೆಂದು ಅವನಿಗೆ ಅರಿವಾದದ್ದು, ರಸ್ತೆಯಿಂದ ಕಣ್ಣು ತೆಗೆಯದೆ ಅವಳು ಹೇಳಿದಾಗ:

"ಉಸಿರಾಡಿ."